ಹೊಳೆಗೆ ಬೆನ್ನು ಮಾಡಿ ಕೂತ ಅಪ್ಪ

ನಮ್ಮಪ್ಪನಿಗೆ ಗಡಿಯಾರ ರಿಪೇರಿ ಬರುತ್ತಿರಲಿಲ್ಲ. ದಾವಣಗೆರೆಯಲ್ಲಿ ನಾವಿದ್ದ ಓಣಿಯ ಜನ ಇದನ್ನು ಕೊನೆಯವರೆಗೂ ನಂಬಲಿಲ್ಲ. ಅಪ್ಪನ ಅಪ್ಪ ಸ್ವಿಟ್ಜರ್ಲೆಂಡಿನವರು ಎಂಬ ಸುದ್ದಿ ಹೇಗೋ ಹಬ್ಬಿಬಿಟ್ಟಿತ್ತು. ನಿಂತುಹೋದ ಕೈಗಡಿಯಾರ, ಬಡಿಯದ ಅಲಾರಂ ಟೈಂಪೀಸುಗಳನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಭಾನುವಾರ ಬೆಳಿಗ್ಗೆಯೇ ಬಾಗಿಲಿಗೆ ಬರುತ್ತಿದ್ದರು.

"ನಿಮ್ಮ ದೇಶದ್ದೇ ಮಾಲು ನೋಡ್ರಿ. ನಿಮಗಲ್ದೆ ಇನ್ಯಾರಿಗೆ ಗೊತ್ತಾಗ್ತೈತೆ?"

ಅಪ್ಪ ಎರಡೂ ಕೈ ಮುಂದೆ ಚಾಚಿ ತೋರಿಸುತ್ತಿದ್ದ. ಮಿಲ್ಲಿನ ಗ್ರೀಸು ಉಗುರಿನ ಸಂದಿಯಲ್ಲಿ ಖಾಯಂ ಆಗಿ ಕೂತಿದ್ದ ದಪ್ಪ ಬೆರಳುಗಳು. "ನಾನು ನೂಲಿನ ಮಿಷಿನ್ ರಿಪೇರಿ ಮಾಡಾವ್ನು ಮಾರಾಯ್ರೆ. ಇದ್ರಾಗೆ ನನ್ನ ಬೆರಳು ಹಿಡಿಯಲ್ಲ" ಎನ್ನುತ್ತಿದ್ದ. ಅವರು ನಕ್ಕು, ಟೈಂಪೀಸನ್ನು ಕಟ್ಟೆಯ ಮೇಲೆ ಇಟ್ಟು, "ಟೈಂ ಸಿಕ್ಕಾಗ ನೋಡ್ರಿ" ಎಂದು ಹೋಗಿಬಿಡುತ್ತಿದ್ದರು. ಅಪ್ಪ ಅವನ್ನೆಲ್ಲ ಸೈಕಲ್ಲಿಗೆ ಕಟ್ಟಿಕೊಂಡು ಪೇಟೆಯ ಗಡಿಯಾರದಂಗಡಿಗೆ ಒಯ್ದು ಸರಿ ಮಾಡಿಸಿ ತಂದುಕೊಡುತ್ತಿದ್ದ. ಹಾಗಾಗಿ ಅವರ ನಂಬಿಕೆ ಇನ್ನೂ ಗಟ್ಟಿಯಾಯಿತು.

ಅಜ್ಜ ಆ ದೇಶದಿಂದ ಮಿಶನ್ನಿನವರ ಜೊತೆ ಬೆಟಗೇರಿಗೆ ಬಂದವರು. ಹೊಸ ಮಾದರಿಯ ಮಗ್ಗ ಕಲಿಸಲು ಬಂದು, ಅಲ್ಲಿಯೇ ಒಬ್ಬ ಕ್ರೈಸ್ತ ನೇಕಾರನ ಮಗಳನ್ನು ಮದುವೆಯಾಗಿ, ಅಲ್ಲಿಯೇ ಮಣ್ಣಾದರು. ಅಪ್ಪ ಹುಟ್ಟಿ ಬೆಳೆದದ್ದು ಬೆಟಗೇರಿಯ ನೇಕಾರರ ಓಣಿಯಲ್ಲಿ. ಅವ್ವನೂ ಅದೇ ಓಣಿಯವಳು. ಸ್ವಿಟ್ಜರ್ಲೆಂಡನ್ನು ಅಪ್ಪ ಒಂದು ಕ್ಯಾಲೆಂಡರಿನಲ್ಲಿ ಬಿಟ್ಟರೆ ಎಲ್ಲಿಯೂ ನೋಡಿರಲಿಲ್ಲ. ಆದರೂ ಅವನ ಬಿಳಿ ಮೈ, ಬೆಕ್ಕಿನ ಕಣ್ಣು ನೋಡಿದವರು ಮೊದಲು ಕೇಳುತ್ತಿದ್ದದ್ದು ಒಂದೇ: "ನಿಮ್ಮ ದೇಶಕ್ಕೆ ಯಾವಾಗ ಹೋಗ್ತೀರಿ?" ಇಂಗ್ಲಿಷರು ಹೋಗಿ ಆಗಷ್ಟೇ ಕೆಲವು ವರ್ಷವಾಗಿತ್ತು. ಕೇಳಿದವರಿಗೆ ಕೆಟ್ಟ ಮನಸ್ಸೇನೂ ಇರಲಿಲ್ಲ. ಅಪ್ಪ ಕೂಡ ಬೇಸರವಿಲ್ಲದೆ, "ಬೆಟಗೇರಿಗಾ? ಕ್ರಿಸ್ಮಸ್ಸಿಗೆ ಹೋಗ್ತೀವಿ" ಎನ್ನುತ್ತಿದ್ದ.

ಅಜ್ಜನ ಊರು ಒಂದು ದೊಡ್ಡ ಸರೋವರದ ದಂಡೆಯಲ್ಲಿತ್ತಂತೆ. ಬೆಟಗೇರಿಯಲ್ಲಿ ಸರೋವರ ಎಲ್ಲಿಂದ ಬರಬೇಕು? ಅಜ್ಜ ತೋಟದ ಬಾವಿಗೆ ಮಗನನ್ನು ಕರೆದೊಯ್ದು, ಬೆನ್ನಿಗೆ ಎರಡು ಒಣ ಸೋರೆಬುರುಡೆ ಕಟ್ಟಿ, ನೀರಿಗೆ ಇಳಿಸಿ ಈಜು ಕಲಿಸಿದ್ದರು. ಅಪ್ಪನಿಗೆ ಅಜ್ಜನಿಂದ ಬಂದ ಆಸ್ತಿ ಎಂದರೆ ಅದೇ. ಆ ಕಥೆಯನ್ನು ನಮ್ಮಕ್ಕ ಮತ್ತೆ ಮತ್ತೆ ಹೇಳಿಸಿಕೊಳ್ಳುತ್ತಿದ್ದಳು. ಅಕ್ಕ ನನಗಿಂತ ಐದು ವರ್ಷಕ್ಕೆ ದೊಡ್ಡವಳು. ಕಥೆ ಮುಗಿದ ಮೇಲೆ ಪ್ರತಿ ಸಲವೂ, "ನನಗೂ ಕಲಿಸಪ್ಪ" ಎನ್ನುವಳು.

"ಮುಂದಿನ ಭಾನುವಾರ" ಎನ್ನುತ್ತಿದ್ದ ಅಪ್ಪ.

ಅವನು ಸುಳ್ಳು ಹೇಳುತ್ತಿರಲಿಲ್ಲ. ಆದರೆ ಅವನ ಭಾನುವಾರಗಳು ಅವನವಾಗಿರಲಿಲ್ಲ. ಆರು ದಿನ ಮಿಲ್ಲಿನಲ್ಲಿ ದುಡಿದು, ತಲೆಗೂದಲಲ್ಲಿ ಹತ್ತಿಯ ಎಳೆ ಸಿಕ್ಕಿಸಿಕೊಂಡು ಬರುತ್ತಿದ್ದವನು ಏಳನೆಯ ದಿನ ಇಡೀ ಓಣಿಗೆ ದುಡಿಯುತ್ತಿದ್ದ. ಬೋರಿಂಗಿನ ಹಿಡಿ ಮುರಿದರೆ ಅಪ್ಪ. ಯಾರದೋ ಬಾಣಂತಿಯನ್ನು ಆಸ್ಪತ್ರೆಗೆ ಸೇರಿಸಬೇಕಾದರೆ ಅಪ್ಪ. ಮುನಿಸಿಪಾಲಿಟಿಗೆ ದೀಪದ ಕಂಬಕ್ಕಾಗಿ ಅರ್ಜಿ ಬರೆಯಬೇಕಾದರೂ ಅಪ್ಪನೇ. ಆಳಿನ ಬಣ್ಣ ನೋಡಿಯಾದರೂ ಆಫೀಸಿನವರು ಕುರ್ಚಿ ಕೊಡುತ್ತಾರೆ ಎಂದು ಜನ ಅವನನ್ನು ಮುಂದೆ ಬಿಡುತ್ತಿದ್ದರು. ಕುರ್ಚಿ ಸಿಗುತ್ತಿತ್ತು. ದೀಪದ ಕಂಬ ಮಾತ್ರ ನಾವು ಆ ಓಣಿ ಬಿಡುವವರೆಗೂ ಬರಲಿಲ್ಲ.

ಐವತ್ತರ ದಶಕದ ಮೊದಲ ವರ್ಷಗಳಲ್ಲಿ ಅಪ್ಪನಿಗೆ ಹರಿಹರದಲ್ಲಿ ಯಂತ್ರ ತಯಾರಿಸುವ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಕೆಲಸ ಸಿಕ್ಕಿತು. ಒಂದು ಎತ್ತಿನ ಗಾಡಿಯಲ್ಲಿ ನಮ್ಮ ಸಾಮಾನೆಲ್ಲ ಹಿಡಿಯಿತು. ಹರಿಹರದ ಮನೆ ಚಿಕ್ಕದು, ಆದರೆ ಹತ್ತು ನಿಮಿಷ ನಡೆದರೆ ಹೊಳೆ. ಅಕ್ಕ ಮೊದಲ ಸಂಜೆಯೇ ನನ್ನ ಕೈ ಹಿಡಿದು ಓಡಿದಳು. ದಾವಣಗೆರೆಯಲ್ಲಿ ಕೊಡ ಕೊಡ ಲೆಕ್ಕ ಹಾಕಿ ಬಳಸಿದ ನಾವು ಅಷ್ಟು ನೀರನ್ನು ಒಟ್ಟಿಗೆ ನೋಡಿದ್ದು ಅದೇ ಮೊದಲು. ಅಕ್ಕ, "ಇನ್ನು ಅಪ್ಪ ತಪ್ಪಿಸ್ಕೊಳಂಗಿಲ್ಲ" ಎಂದಳು.

ಅಪ್ಪ ತಪ್ಪಿಸಿಕೊಳ್ಳಲಿಲ್ಲ. ಮಳೆಗಾಲ ಮುಗಿದು ನೀರು ತಿಳಿಯಾಗಲಿ ಎಂದ. ಎರಡು ಸೋರೆಬುರುಡೆ ತಂದು ಮಾಡಿಗೆ ತೂಗುಹಾಕಿದ. ನೀರು ತಿಳಿಯಾಯಿತು. ಆಗ ಕಾರ್ಖಾನೆಯ ಪಕ್ಕದ ಕೂಲಿಕಾರರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಅಪ್ಪ ನಾಲ್ಕು ಭಾನುವಾರ ಆ ಜನರ ಜೊತೆ ಗೋಡೆ ಎಬ್ಬಿಸುತ್ತಾ, ಸೋಗೆ ಹೊದಿಸುತ್ತಾ ಕಳೆದ. ನಾಲ್ಕನೆಯ ಭಾನುವಾರದ ಬೆಳಿಗ್ಗೆ ಮನೆ ಬಿಡುವಾಗ ಅಕ್ಕನ ತಲೆ ನೇವರಿಸಿ, "ಇವತ್ತಿಗೆ ಮುಗಿತೈತೆ. ಮುಂದಿನ ವಾರ ಖಂಡಿತ" ಎಂದ.

ಆವತ್ತೇ ನೆರೆಮನೆಯ ಹೆಂಗಸರು ಬಟ್ಟೆ ಒಗೆಯಲು ಹೊಳೆಗೆ ಹೊರಟರು. ಕ್ರಿಸ್ಮಸ್ ಹತ್ತಿರವಿತ್ತು. ಅವ್ವ ಮನೆ ಸಾರಿಸುತ್ತಿದ್ದಳು. ಅಕ್ಕ ತಾನೇ ಹೋಗುತ್ತೇನೆಂದು ಕೌದಿಯ ಗಂಟನ್ನು ಹೊತ್ತಳು. ಅವ್ವನ ತಾಯಿ ಹಳೆ ಸೀರೆ ಪದರ ಹಾಕಿ ಹೊಲಿದುಕೊಟ್ಟ ಕೌದಿ ಅದು. ಬಾಗಿಲಲ್ಲಿ ಅವ್ವ ಅವಳಿಗೆ ಏನೋ ಹೇಳಿದಳು. ನಾನು ಒಳಗೆ ನೆಲದ ಮೇಲೆ ಕೂತು ಪಾಟಿಯಲ್ಲಿ ಚಿತ್ರ ಬರೆಯುತ್ತಿದ್ದೆ, ಏನು ಹೇಳಿದಳೆಂದು ಗಮನಿಸಲಿಲ್ಲ. ನನಗೆ ಎಂಟು ವರ್ಷ, ಅಕ್ಕನಿಗೆ ಹದಿಮೂರು.

ಆಮೇಲೆ ಹೆಂಗಸರು ಹೇಳಿದ್ದಿಷ್ಟು. ನೆನೆದ ಕೌದಿ ಕೈಜಾರಿ ಸೆಳವಿಗೆ ಸಿಕ್ಕಿತು. ಅಕ್ಕ ಅದರ ಚುಂಗು ಹಿಡಿದುಕೊಂಡು ಮೊಣಕಾಲುದ್ದ, ಸೊಂಟದುದ್ದ ನೀರಿಗೆ ಹೋದಳು. "ಬಿಡೇ, ಬಿಟ್ಟುಬಿಡೇ" ಎಂದು ಅವರು ಕೂಗಿದರು. ಅವಳು ಬಿಡಲಿಲ್ಲ. ಅಲ್ಲೊಂದು ಮಡುವಿತ್ತು. ದಂಡೆಯಲ್ಲಿದ್ದ ಏಳು ಜನ ಹೆಂಗಸರಲ್ಲಿ ಒಬ್ಬರಿಗೂ ಈಜು ಬರುತ್ತಿರಲಿಲ್ಲ.

ಹರಿಗೋಲು ಹಾಕುವ ಅಂಬಿಗರು ಬಂದು ಮಧ್ಯಾಹ್ನದವರೆಗೂ ಮುಳುಗಿ ಹುಡುಕಿದರು. ಕೊನೆಗೆ ಅಕ್ಕನನ್ನು ಮೇಲೆ ತಂದದ್ದು ಅವರ ಪೈಕಿ ಒಬ್ಬ ಮುದುಕಿ. ಅಪ್ಪ ಮೈತುಂಬ ಮಣ್ಣು ಮೆತ್ತಿಕೊಂಡು ಓಡಿಬಂದಾಗ ಆಕೆ ತನ್ನ ಸೆರಗಿನಿಂದ ಅಕ್ಕನ ಮುಖ ಒರೆಸುತ್ತಿದ್ದಳು.

ಮರುದಿನ ಊರಾಚೆಯ ನಮ್ಮವರ ಸಣ್ಣ ಸಮಾಧಿ ಜಾಗದಲ್ಲಿ ಮಣ್ಣು ಮಾಡಿದೆವು.

ಅಲ್ಲಿಂದ ಮುಂದಿನ ತಿಂಗಳುಗಳು ನನಗೆ ನೆನಪಿರುವುದು ಶಬ್ದವಿಲ್ಲದ ದಿನಗಳಾಗಿ. ಅವ್ವ ಅಪ್ಪನಿಗೆ ಊಟ ಬಡಿಸುತ್ತಿದ್ದಳು, ಡಬ್ಬಿ ಕಟ್ಟುತ್ತಿದ್ದಳು, ಅಂಗಿಯ ಗುಂಡಿ ಹಚ್ಚುತ್ತಿದ್ದಳು. ಮಾತಾಡುತ್ತಿರಲಿಲ್ಲ. ಬೇಕಾದದ್ದನ್ನು ನನ್ನ ಮೂಲಕ ಹೇಳಿಸುತ್ತಿದ್ದಳು. "ನಿಮ್ಮಪ್ಪಗೆ ಹೇಳು, ಸೀಮೆಎಣ್ಣೆ ತೀರೈತೆ ಅಂತ." ಅಪ್ಪ ಎರಡು ಮಾರು ದೂರದಲ್ಲಿ ಕೂತಿರುತ್ತಿದ್ದ. ನಾನು ಅಷ್ಟನ್ನೇ ಮತ್ತೆ ಹೇಳುತ್ತಿದ್ದೆ. ಅವನು ಎದ್ದು ಡಬ್ಬಿ ಹಿಡಿದು ಹೊರಡುತ್ತಿದ್ದ. ಶಾಲೆಯಲ್ಲಿ ನನ್ನ ಬೆಕ್ಕಿನ ಕಣ್ಣಿಗೆ ಹೆದರಿಯೋ, ನಮ್ಮ ಮನೆಯ ಸಾವಿಗೆ ಹೆದರಿಯೋ, ಹುಡುಗಿಯರು ನನ್ನ ಪಕ್ಕ ಕೂರುತ್ತಿರಲಿಲ್ಲ. ಚಾಪೆಯಲ್ಲಿ ಅಕ್ಕ ಮಲಗುತ್ತಿದ್ದ ಜಾಗವನ್ನು ನಾನು ಬಹಳ ದಿನ ಖಾಲಿ ಬಿಟ್ಟೇ ಮಲಗಿದೆ. ಅವಳು ಬರುತ್ತಾಳೆಂದಲ್ಲ. ಆ ಕಡೆ ಹೊರಳಿದರೆ ಚಾಪೆ ತಣ್ಣಗಿರುತ್ತಿತ್ತು.

ಆ ದಿನಗಳಲ್ಲೇ ಸ್ವಿಟ್ಜರ್ಲೆಂಡಿನಿಂದ ಒಂದು ಕಾಗದ ಬಂತು. ಅಪ್ಪನ ದೊಡ್ಡಪ್ಪನ ಮಗ, ಒಮ್ಮೆಯೂ ನೋಡದ ಅಣ್ಣ, ಮಿಶನ್ನಿನವರಿಂದ ಸುದ್ದಿ ಕೇಳಿ ಸರಳವಾದ ಇಂಗ್ಲಿಷಿನಲ್ಲಿ ಬರೆದಿದ್ದ. ಇಲ್ಲಿ ಕೆಲಸಗಾರರು ಬೇಕಾಗಿದ್ದಾರೆ, ಮನೆ ಕೊಡುತ್ತಾರೆ, ಹೆಂಡತಿ ಮಗಳ ಜೊತೆ ಬಂದುಬಿಡು ಎಂದಿತ್ತು. ಅಪ್ಪ ಅದನ್ನು ಕನ್ನಡದಲ್ಲಿ ಜೋರಾಗಿ ಓದಿ ಹೇಳಿದ, ನನಗೆ ಹೇಳುವಂತೆ. ಒಲೆಯ ಮುಂದಿದ್ದ ಅವ್ವ ಅಷ್ಟು ತಿಂಗಳಲ್ಲಿ ಮೊದಲ ಸಲ ನೇರವಾಗಿ ಅವನಿಗೆ ಮಾತಾಡಿದಳು.

"ಹೋಗ್ರಿ ಬೇಕಾದ್ರೆ. ಅವಳನ್ನ ಇಲ್ಲಿ ಬಿಟ್ಟು ನಾನು ಎಲ್ಲಿಗೂ ಬರಲ್ಲ."

"ನಾನೆಲ್ಲಿ ಹೋಗ್ತೀನಿ ಅಂದೆ?" ಎಂದ ಅಪ್ಪ. "ಅಲ್ಲಿ ಹೋದ್ರೆ ನಾನು ಇಂಡಿಯಾದವ. ಇಲ್ಲಿ ಸ್ವಿಸ್ಸಿನವ. ಇಲ್ಲಾದ್ರೆ ಮಗಳು ಅದಾಳೆ."

ಅಷ್ಟೇ. ಕಾಗದವನ್ನು ಮಡಿಸಿ ಬೈಬಲ್ಲಿನಲ್ಲಿಟ್ಟ. ಮರುದಿನ ಅವ್ವ ಮತ್ತೆ ನನ್ನ ಮೂಲಕವೇ ಹೇಳಿಸತೊಡಗಿದಳು.

ಬೇಸಿಗೆ ಶುರುವಾದಾಗ ಒಂದು ಭಾನುವಾರ ಆರಾಧನೆ ಮುಗಿಸಿ ಬಂದವನು ಮಾಡಿನಿಂದ ಸೋರೆಬುರುಡೆ ಇಳಿಸಿ ನನಗೆ, "ಬಾ" ಎಂದ. ನಾನು ಅವ್ವನ ಮುಖ ನೋಡಿದೆ. ಅವಳು ಬ್ಯಾಡ ಅನ್ನಲಿಲ್ಲ. ಎದ್ದು ಹಿತ್ತಲಿಗೆ ಹೋಗಿ ಗೋಡೆಯ ಕಡೆ ತಿರುಗಿ ನಿಂತಳು.

ಊರವರು ಬಟ್ಟೆ ಒಗೆಯುವ ಜಾಗಕ್ಕಿಂತ ಮೇಲೆ, ಬಂಡೆಗಳ ನಡುವೆ ಎದೆಮಟ್ಟದ ನೀರು ನಿಂತ ಕಡೆ ಅಪ್ಪ ನನ್ನನ್ನು ಇಳಿಸಿದ. ನಾನು ಕಿರುಚಿದೆ. ಅಕ್ಕ ಇದೇ ನೀರಿನಲ್ಲಿದ್ದಾಳೆ ಎಂದೇ ನನಗೆ ಅನ್ನಿಸುತ್ತಿತ್ತು. ಅಪ್ಪನ ಕುತ್ತಿಗೆಗೆ ಉಗುರು ಊರಿ ನೇತಾಡಿದೆ. ಅವನು ಬಿಡಿಸಲಿಲ್ಲ. ಎಷ್ಟೋ ಹೊತ್ತು ಹಾಗೆಯೇ ನನ್ನನ್ನು ಎತ್ತಿಕೊಂಡು ನೀರಿನಲ್ಲಿ ನಿಂತ. "ನೀರು ಕೆಟ್ಟದಲ್ಲವ್ವ. ಅದಕ್ಕೆ ನಿನ್ನ ಗುರ್ತಿಲ್ಲ ಅಷ್ಟೆ. ಗುರ್ತು ಮಾಡ್ಕೋ" ಎಂದ. ಆರು ವಾರಗಳಲ್ಲಿ ಒಂದು ಬುರುಡೆ ಕಡಿಮೆಯಾಯಿತು. ಮಳೆಗಾಲಕ್ಕೆ ಮುಂಚೆ ಎರಡೂ ಇಲ್ಲದೆ ಬಂಡೆಯಿಂದ ಬಂಡೆಗೆ ಹೋದೆ. ತಿರುಗಿ ನೋಡಿದರೆ ಅಪ್ಪ ನಗುತ್ತಿರಲಿಲ್ಲ. ಮುಖಕ್ಕೆ ನೀರು ಎರಚಿಕೊಳ್ಳುತ್ತಿದ್ದ.

ಅವನ ಮನಸ್ಸಿನಲ್ಲಿ ನಾನೊಬ್ಬಳೇ ಇರಲಿಲ್ಲ. ಮಳೆಗಾಲ ಕಳೆದ ಮೇಲೆ ಮನೆ ಮನೆಗೆ ಹೋಗಿ ಹೇಳತೊಡಗಿದ: ಹೊಳೆಗೆ ಹೋಗುವವರು ಹೆಣ್ಣುಮಕ್ಕಳು, ನೀರು ತರುವವರು ಅವರು, ಬಟ್ಟೆ ಒಗೆಯುವವರು ಅವರು, ಈಜು ಬರುವುದು ಮಾತ್ರ ಗಂಡುಹುಡುಗರಿಗೆ. ಭಾನುವಾರ ನಿಮ್ಮ ಹುಡುಗಿಯರನ್ನು ಕಳಿಸಿ, ನಾನು ಕಲಿಸುತ್ತೇನೆ.

ಜನ ಅಪ್ಪನಿಗೆ ಕುರ್ಚಿ ಕೊಟ್ಟರು, ಚಹಾ ಕೊಟ್ಟರು. ಹುಡುಗಿಯರನ್ನು ಕಳಿಸಲಿಲ್ಲ. ಒಬ್ಬ ನಿವೃತ್ತ ಮಾಸ್ತರರು ಮಾತ್ರ ಮುಖಕ್ಕೆ ಹೇಳಿದರು: "ನಿಮ್ಮ ದುಃಖ ನಮಗೆ ಗೊತ್ತೈತ್ರಿ. ಆದ್ರೆ ದೊಡ್ಡ ಹುಡುಗೇರು ಒದ್ದೆ ಬಟ್ಟೆಯಾಗೆ ಪರಪುರುಷನ ಮುಂದೆ ನಿಲ್ಲೋದು ಹೆಂಗೆ? ನಿಮ್ಮ ದೇಶದಾಗೆ ನಡೀಬೋದು." ನಮ್ಮ ಚರ್ಚು ಸಭೆಯ ಪಾದ್ರಿ ಅಯ್ಯನವರೂ ಅಪ್ಪನನ್ನು ಪಕ್ಕಕ್ಕೆ ಕರೆದು ಅದನ್ನೇ ಸ್ವಲ್ಪ ಮೆತ್ತಗೆ ಹೇಳಿದರು.

ಆದರೂ ಅಪ್ಪ ಭಾನುವಾರ ಭಾನುವಾರ ಹೋಗಿ ಸೊಂಟದುದ್ದ ನೀರಿನಲ್ಲಿ ನಿಂತ. ಯಾರೂ ಬರಲಿಲ್ಲ. ನಾನು ನನ್ನಷ್ಟಕ್ಕೆ ಈಜುತ್ತಿದ್ದೆ, ಅವನು ದಾರಿ ನೋಡುತ್ತಾ ನಿಂತಿರುತ್ತಿದ್ದ. ಸೇತುವೆಯ ಮೇಲೆ ಹೋಗುವವರು ನಿಂತು ನೋಡುತ್ತಿದ್ದರು. "ಬಿಳಿ ಮೇಸ್ತ್ರಿಗೆ ಮಗಳು ಹೋದ ಮ್ಯಾಲೆ ತಲಿ ನಿಂತಿಲ್ಲ" ಎಂಬ ಮಾತು ನನ್ನ ಕಿವಿಗೂ ಬಿದ್ದಿತು. ಅಪ್ಪನ ಕಿವಿಗೆ ಬೀಳದೆ ಇರಲಿಕ್ಕಿಲ್ಲ. ಹನ್ನೊಂದು ಗಂಟೆಯಾದ ಮೇಲೆ ಅವನು ಮೈ ಒರೆಸಿಕೊಂಡು, ಒದ್ದೆ ಚಡ್ಡಿಯ ಮೇಲೆಯೇ ಪಂಚೆ ಸುತ್ತಿಕೊಂಡು, "ಮುಂದಿನ ವಾರ ನೋಡಾಣ" ಎನ್ನುತ್ತಿದ್ದ. ಹಾಗೆ ಹೇಳಿದ ಕೂಡಲೇ ತುಟಿ ಕಚ್ಚಿಕೊಳ್ಳುತ್ತಿದ್ದ.

ಹೀಗೆ ಎಷ್ಟು ವಾರ ಕಳೆಯಿತೋ. ಒಂದು ಬೆಳಿಗ್ಗೆ ಅಂಬಿಗರ ಆ ಅಜ್ಜಿ ಹರಿಗೋಲನ್ನು ನಮ್ಮ ಬಂಡೆಯ ಹತ್ತಿರ ತಂದು ನಿಲ್ಲಿಸಿದಳು. ಸೊಂಟಕ್ಕೆ ಎತ್ತಿ ಕಟ್ಟಿದ ಸೀರೆ, ಬಾಯಲ್ಲಿ ಎಲೆಅಡಿಕೆ.

"ಸಾಹೇಬ್ರೆ, ಮ್ಯಾಕೆ ಬರ್ರಿ" ಎಂದಳು.

ಅಪ್ಪ ದಂಡೆಗೆ ಬಂದ.

"ನೀವು ನೀರಾಗೆ ನಿಂತ್ರೆ ಯಾವ ತಾಯಿನೂ ಮಗಳನ್ನ ಕಳಿಸಲ್ಲ. ನಾನು ನಿಲ್ತೀನಿ. ನಾನು ಹುಟ್ಟಿದ್ದೇ ನೀರಾಗೆ. ಆದ್ರೆ ನಂಗೆ ಹೇಳಿಕೊಡಾಕೆ ಬರಲ್ಲ, ಕೈ ಹೆಂಗೆ ಕಾಲು ಹೆಂಗೆ ಅಂತ. ಅದನ್ನ ನೀವು ಹೇಳ್ರಿ. ಅಲ್ಲಿ ಆ ಕಲ್ಲಿನ ಮ್ಯಾಲೆ ಆ ಕಡೆ ಮಖ ಮಾಡಿ ಕೂಡ್ರಿ. ತಿರುಗಬ್ಯಾಡ್ರಿ."

ಅಪ್ಪ ಏನೋ ಹೇಳಲು ಹೋದ. ಅಜ್ಜಿ ತಡೆದಳು.

"ನಿಮ್ಮ ಮಗಳನ್ನ ಮ್ಯಾಲೆ ತಂದಾಕಿ ನಾನು. ಇನ್ನೊಂದು ಕೂಸನ್ನ ಹಂಗೆ ತರಾಕೆ ನನ್ನ ಕೈಲಿ ಆಗಲ್ಲ."

ಮುಂದಿನ ಭಾನುವಾರದೊಳಗೆ ಅಪ್ಪ ನಾಲ್ಕು ಬಿದಿರು ಗಳ ನೆಟ್ಟು ಹಳೆಯ ಸೀರೆ ಕಟ್ಟಿ ಬಟ್ಟೆ ಬದಲಿಸಲು ಮರೆ ಮಾಡಿದ. ಅಜ್ಜಿ ತಾನೇ ಮನೆಗಳಿಗೆ ಹೋದಳು. ಮೊದಲು ಬಂದವಳು ಒಬ್ಬ ದರ್ಜಿಯ ಮಗಳು, ನನ್ನದೇ ವಯಸ್ಸು. ಆಮೇಲೆ ಅಗಸರ ಮನೆಯ ಇಬ್ಬರು. ಆಮೇಲೆ, ಯಾರಿಗೂ ಕಾಣದ ಹಾಗೆ ಬೇಲಿ ಸಂದಿಯಿಂದ, ಆ ನಿವೃತ್ತ ಮಾಸ್ತರರ ಮೊಮ್ಮಗಳು.

ಅಪ್ಪ ಹೊಳೆಗೆ ಬೆನ್ನು ಮಾಡಿ ಕಲ್ಲಿನ ಮೇಲೆ ಕೂರುತ್ತಿದ್ದ. ಮುಂದೆ ಜಾಲಿ ಗಿಡ, ಒಣಹುಲ್ಲು, ಒಂದೋ ಎರಡೋ ಮೇಯುವ ಎಮ್ಮೆ. ಅವನು ಕೈಯನ್ನು ಗಾಳಿಯಲ್ಲಿ ಆಡಿಸುತ್ತಾ ಎಮ್ಮೆಗಳಿಗೆ ಪಾಠ ಹೇಳುವಂತೆ ಕೂಗುತ್ತಿದ್ದ: "ಬೆರಳು ಕೂಡಿಸ್ರವ್ವ! ನೀರನ್ನ ಹಿಂದಕ್ಕೆ ನೂಕ್ರಿ! ಉಸಿರು ಬಿಟ್ಟು ತಗೊಳ್ರಿ!" ನೀರಿನೊಳಗೆ ಅಜ್ಜಿ ಒಬ್ಬೊಬ್ಬರ ಹೊಟ್ಟೆಯ ಕೆಳಗೆ ಕೈ ಕೊಟ್ಟು ಹಿಡಿಯುತ್ತಿದ್ದಳು. ನಾನು ಮುಂದೆ ಈಜಿ ತೋರಿಸುತ್ತಿದ್ದೆ. ಹುಡುಗಿಯರ ಹೆಸರು ಅವನಿಗೆ ಗೊತ್ತಿತ್ತು, ದನಿ ಗೊತ್ತಿತ್ತು, ಕೆಮ್ಮಿದರೆ ಯಾರೆಂದು ಗೊತ್ತಾಗುತ್ತಿತ್ತು. ಮುಖ ಗೊತ್ತಿರಲಿಲ್ಲ. ಬೀದಿಯಲ್ಲಿ ಎದುರಾದರೆ ಅವರು ನಾಚಿಕೊಂಡು ಪಕ್ಕಕ್ಕೆ ಸರಿಯುತ್ತಿದ್ದರು, ಅಪ್ಪ ಯಾರೋ ಎಂದುಕೊಂಡು ಹೋಗಿಬಿಡುತ್ತಿದ್ದ. ಒಬ್ಬಳು ಮೊದಲ ಸಲ ಬುರುಡೆಯಿಲ್ಲದೆ ತೇಲಿದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅಪ್ಪನ ಬೆನ್ನು ನೆಟ್ಟಗಾಯಿತು. "ಯಾರು? ಯಾರು ತೇಲಿದ್ದು?" ಎಂದು ಕೇಳಿದ. ತಿರುಗಲಿಲ್ಲ.

ಮನೆಗೆ ಬಂದರೆ ಅವ್ವ ನನ್ನ ಒದ್ದೆ ಲಂಗವನ್ನು ಎರಡು ಬೆರಳಲ್ಲಿ ಎತ್ತಿ ಹಗ್ಗಕ್ಕೆ ಹಾಕುತ್ತಿದ್ದಳು. ಏನೂ ಕೇಳುತ್ತಿರಲಿಲ್ಲ. ಒಂದು ಸಲ ಮಾತ್ರ, ಒಲೆ ಊದುತ್ತಾ, ನನ್ನ ಕಡೆ ನೋಡದೆ ಹೇಳಿದಳು: "ಊರ ಮಕ್ಕಳಿಗೆಲ್ಲ ಕಲಿಸಾಕೆ ಈಗ ಭಾನುವಾರ ಸಿಕ್ತು." ಅಪ್ಪ ಹೊರಗೆ ಸೈಕಲ್ ಒರೆಸುತ್ತಿದ್ದ. ಒರೆಸುವ ಕೈ ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು.

ಮೂರು ವರ್ಷ ಹೀಗೆಯೇ ಹೋಯಿತು. ನಾಲ್ಕನೆಯ ವರ್ಷದ ಮಳೆಗಾಲದ ಕೊನೆಯಲ್ಲಿ, ಒಂದು ವಾರದ ದಿನ, ಬಟ್ಟೆ ಒಗೆಯುವ ಕಡೆ ಒಬ್ಬಾಕೆಯ ಎರಡು ವರ್ಷದ ಕೂಸು ಕಲ್ಲಿನಿಂದ ಜಾರಿ ನೀರಿಗೆ ಬಿತ್ತು. ದರ್ಜಿಯ ಮಗಳು ಅಲ್ಲಿದ್ದಳು. ಕೈಯಲ್ಲಿದ್ದ ಕೊಡವನ್ನು ಅಲ್ಲೇ ಬಿಟ್ಟು ಧುಮುಕಿದಳು. ಕೂಸಿನ ಕೂದಲು ಹಿಡಿದು, ಬೆನ್ನ ಮೇಲೆ ತೇಲುತ್ತಾ, ಇಪ್ಪತ್ತು ಮಾರು ಕೆಳಗೆ ದಂಡೆ ಸೇರಿದಳು. ಕೂಸು ನೀರು ಕಕ್ಕಿ ಅತ್ತಿತು.

ದರ್ಜಿ ಹೊಲಿಗೆ ಬಿಟ್ಟು, ಕುತ್ತಿಗೆಯಲ್ಲಿ ಅಳತೆಯ ಟೇಪಿನೊಂದಿಗೆ ಕಾರ್ಖಾನೆಯ ಗೇಟಿಗೆ ಓಡಿದನಂತೆ. ಊಟದ ಹೊತ್ತು. ಅಪ್ಪ ಡಬ್ಬಿ ಬಿಚ್ಚಿದ್ದ. ದರ್ಜಿ ಎಲ್ಲ ಹೇಳಿ ಮುಗಿಸಿದ ಮೇಲೆ ಅಪ್ಪ ಕೇಳಿದ್ದು ಇಷ್ಟೇ: "ಹಿಂದಿಂದ ಹಿಡಿದ್ಲಾ? ಮುಂದಿಂದ ಹಿಡಿದ್ರೆ ಕೂಸು ಕುತ್ತಿಗೆಗೆ ಜೋತುಬೀಳ್ತೈತೆ, ಇಬ್ರೂ ಹೋಗ್ತಾರೆ."

"ಹಿಂದಿಂದನೇ ಹಿಡಿದಾಳ್ರಿ. ನೀವು ಹೇಳಿದಂಗೇ."

ಅಪ್ಪ ಡಬ್ಬಿ ಮುಚ್ಚಿಟ್ಟು ಒಳಗೆ ಹೋಗಿ ಸಂಜೆಯವರೆಗೂ ಒಮ್ಮೆಯೂ ಕೂರದೆ ಕೆಲಸ ಮಾಡಿದನೆಂದು ಆಮೇಲೆ ಅವನ ಜೊತೆಯವರು ಹೇಳಿದರು. ಅನ್ನ ಹಾಗೆಯೇ ಇದ್ದ ಡಬ್ಬಿ ಮನೆಗೆ ಬಂತು. ಅಷ್ಟರಲ್ಲಿ ಸುದ್ದಿ ಅವ್ವನಿಗೂ ಮುಟ್ಟಿತ್ತು. ಅವಳು ಡಬ್ಬಿ ಬಿಚ್ಚಿ ನೋಡಿ, ಮುಚ್ಚಿ, ಬಿಸಿ ರೊಟ್ಟಿ ಮಾಡಿ ಬಡಿಸಿದಳು. ಬಡಿಸಿ ಹೋಗದೆ, ಅವನು ಉಣ್ಣುವಷ್ಟು ಹೊತ್ತೂ ಗೋಡೆಗೆ ಒರಗಿ ಕೂತಳು.

ಆ ಭಾನುವಾರ ನಾನು ಬಟ್ಟೆ ತೆಗೆದುಕೊಂಡು ಹೊರಟಾಗ ಅವ್ವ ಕಾಲಿಗೆ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ನಡಿ" ಎಂದಳು. ಅಕ್ಕ ಹೋದ ಮೇಲೆ ಅವಳು ಹೊಳೆಯ ಕಡೆ ಹೋಗಿಯೇ ಇರಲಿಲ್ಲ. ದಾರಿಯುದ್ದಕ್ಕೂ ನನ್ನ ಮಣಿಕಟ್ಟು ಹಿಡಿದಿದ್ದಳು. ನೀರು ಕಂಡ ಕೂಡಲೇ ಅವಳ ಹಿಡಿತ ಎಷ್ಟು ಬಿಗಿಯಾಯಿತೆಂದರೆ ನನಗೆ ನೋವಾಯಿತು, ಆದರೂ ಬಿಡಿಸಿಕೊಳ್ಳಲಿಲ್ಲ.

ಅಪ್ಪ ಎಂದಿನಂತೆ ಕಲ್ಲಿನ ಮೇಲೆ ಕೂತಿದ್ದ. ಅವ್ವ ಹೋಗಿ ಅದೇ ಕಲ್ಲಿನ ಇನ್ನೊಂದು ತುದಿಯಲ್ಲಿ, ಹೊಳೆಗೆ ಮುಖ ಮಾಡಿ ಕೂತಳು. ಅವನ ಮುಖ ಆ ಕಡೆ, ಇವಳ ಮುಖ ಈ ಕಡೆ. ನಾನು ನೀರಿಗಿಳಿಯದೆ ಅಲ್ಲೇ ಮರೆಯ ಹತ್ತಿರ ಜಡೆ ಕಟ್ಟಿಕೊಳ್ಳುತ್ತಾ ನಿಂತೆ. ಆಮೇಲೆ ಅವ್ವ ಹೇಳಿದಳು:

"ಕೌದಿ ಕೈಬಿಡಬ್ಯಾಡ ಅಂತ ನಾನೇ ಹೇಳಿ ಕಳಿಸಿದ್ದೆ."

ಅಪ್ಪ ಗಾಳಿಯಲ್ಲಿ ಆಡಿಸುತ್ತಿದ್ದ ಕೈ ಇಳಿಸಿ ಕಲ್ಲಿನ ಮೇಲಿಟ್ಟ.

"ಅವ್ವ ಹೊಲಿದದ್ದು, ಹೋದ್ರೆ ಮತ್ತೆ ಬರಲ್ಲ, ಗಟ್ಟಿ ಹಿಡ್ಕೋ ಅಂದಿದ್ದೆ. ಅವರು ಬಿಡು ಬಿಡು ಅಂದ್ರಂತೆ. ಅವಳು ನನ್ನ ಮಾತು ಕೇಳಿದ್ಲು."

"ಮುಂದಿನ ವಾರ ಅಂತ ನಾನು ಹೇಳಿದ್ದೆ" ಎಂದ ಅಪ್ಪ.

ಅಷ್ಟು ವರ್ಷ ಅವ್ವ ಅಪ್ಪನ ಮೇಲಿನ ಸಿಟ್ಟಿನಿಂದ ಸುಮ್ಮನಿದ್ದಾಳೆ ಎಂದು ನಾನು ತಿಳಿದಿದ್ದೆ. ಅಪ್ಪನೂ ಹಾಗೆಯೇ ತಿಳಿದಿದ್ದನೇನೋ. ಅವನ ಕೈ ಕಲ್ಲಿನ ಮೇಲೆ ಸ್ವಲ್ಪ ಸರಿಯಿತು, ಅವ್ವನ ಸೆರಗಿನ ತುದಿಯ ಹತ್ತಿರ ನಿಂತಿತು. ಹಿಡಿಯಲಿಲ್ಲ. ನಾನು ಅಲ್ಲಿದ್ದೆನಲ್ಲ.

ಆಮೇಲೆ ಅವ್ವ ಮೂಗು ಒರೆಸಿಕೊಂಡು, ಬೇರೆಯದೇ ದನಿಯಲ್ಲಿ, "ಅಲ್ಲೊಬ್ಬಾಕಿ ಕಾಲು ಬಡಿತಾಳೆ, ಮುಂದಕ್ಕೆ ಹೋಗ್ತಿಲ್ಲ" ಎಂದಳು.

"ಮೊಣಕಾಲು ಮಡಿಸ್ತಾಳಾ?"

"ಹೂಂ. ಸೈಕಲ್ ತುಳಿದಂಗೆ."

"ಮೊಣಕಾಲು ಮಡಿಸಬ್ಯಾಡವ್ವ!" ಎಂದು ಅಪ್ಪ ಜಾಲಿ ಗಿಡದ ಕಡೆ ಕೂಗಿದ. "ಸೊಂಟದಿಂದ ಬಡಿ!"

ಮುಂದಿನ ಕೆಲವು ವರ್ಷ ಅವ್ವ ಬರುತ್ತಿದ್ದಳು. ನೀರಿಗೆ ಕಾಲಿಡಲಿಲ್ಲ. ಅವಳು ಕಂಡದ್ದನ್ನು ಹೇಳುತ್ತಿದ್ದಳು, ಅವನು ತಿದ್ದುತ್ತಿದ್ದ. ಮನೆಯಲ್ಲಿ ಅವರ ಮಾತು ಹಾಗೇನೂ ಹೆಚ್ಚಾಗಲಿಲ್ಲ. ಸೀಮೆಎಣ್ಣೆ ತೀರಿದರೆ ನೇರವಾಗಿ ಹೇಳುತ್ತಿದ್ದಳು ಅಷ್ಟೇ.

ಎಲ್ಲಕ್ಕೂ ಒಂದು ಕೊನೆ ಬರುತ್ತದೆ. ಅಂಬಿಗರ ಅಜ್ಜಿ ಕೈಕಾಲು ನಡುಕ ಶುರುವಾಗಿ, ಒಂದು ಚಳಿಗಾಲದಲ್ಲಿ ತೀರಿಕೊಂಡಳು. ಆಕೆಯ ಜಾಗದಲ್ಲಿ ನಾನು ನಿಂತೆ. ಆದರೆ ಅಷ್ಟರಲ್ಲಿ ಊರಿಗೆ ನಲ್ಲಿ ಬಂದಿತ್ತು. ಮನೆ ಮುಂದೆಯೇ ನೀರು ಬಂದ ಮೇಲೆ ಹೊಳೆಗೆ ಹೋಗುವ ಹೆಂಗಸರು ಕಡಿಮೆಯಾದರು. ಹೊಳೆಗೆ ಹೋಗದವರಿಗೆ ಈಜು ಯಾಕೆ? ಹುಡುಗಿಯರು ಆರಾದರು, ಮೂರಾದರು. ನಾನು ಓದು ಮುಗಿಸಿ ದಾವಣಗೆರೆಯ ಒಂದು ಶಾಲೆಯಲ್ಲಿ ಟೀಚರಾಗಿ ಸೇರಿ ಅಲ್ಲಿಯೇ ಒಂದು ಕೋಣೆ ಹಿಡಿದೆ. ರಜೆಯಲ್ಲಿ ಬಂದಾಗ ಅವ್ವ ಹೇಳಿದಳು, ಈಗ ಯಾರೂ ಬರುವುದಿಲ್ಲ, ಆದರೂ ನಿಮ್ಮಪ್ಪ ಹೋಗಿ ಕೂತು ಬರುತ್ತಾರೆ ಎಂದು. ಅವಳ ಮಂಡಿ ನೋವಿನಿಂದ ಅವಳಿಗೆ ಅಷ್ಟು ದೂರ ನಡೆಯಲು ಆಗುತ್ತಿರಲಿಲ್ಲ. ಒಮ್ಮೆ ನಾನು ಅವನಿಗೆ ತಿಳಿಯದಂತೆ ಹಿಂದೆ ಹೋಗಿ ನೋಡಿದೆ. ಕಲ್ಲಿನ ಮೇಲೆ ಒಬ್ಬನೇ ಕೂತಿದ್ದ. ಯಾರೂ ಇರದಿದ್ದರೂ ಹೊಳೆಗೆ ಬೆನ್ನು ಮಾಡಿಯೇ ಕೂತಿದ್ದ. ಕರೆಯಬೇಕೆನ್ನಿಸಿತು. ಕರೆಯದೆ ಹಿಂತಿರುಗಿದೆ.

ಅರವತ್ತರ ದಶಕ ಮುಗಿಯುವ ಮೊದಲು ಅಪ್ಪ ತೀರಿಕೊಂಡ. ಕೆಲಸದಿಂದ ಬಂದು, ಕೈಕಾಲು ತೊಳೆದು, ಚಾಪೆ ಹಾಸಿಕೊಂಡವನು ಏಳಲಿಲ್ಲ. ಕಾರ್ಖಾನೆಯವರು ಬಂದರು, ಸಭೆಯವರು ಬಂದರು, ದಾವಣಗೆರೆಯ ಹಳೆಯ ಓಣಿಯಿಂದ ಒಂದು ಟ್ರಕ್ಕಿನ ತುಂಬ ಜನ ಬಂದರು. ಅಕ್ಕನ ಪಕ್ಕದಲ್ಲೇ ಮಣ್ಣು ಮಾಡಿದೆವು.

ಎಲ್ಲ ಮುಗಿದು ಹೊರಗೆ ಬರುವಾಗ ಗೇಟಿನ ಆಚೆ ಹತ್ತು ಹನ್ನೆರಡು ಹೆಂಗಸರು ನಿಂತಿದ್ದರು. ಕೆಲವರ ಸೊಂಟದಲ್ಲಿ ಕೂಸು. ಒಳಗೆ ಬರಬಹುದೋ ಬಾರದೋ ಎಂದು ಅಲ್ಲೇ ಉಳಿದಿದ್ದರು. ಕೆಲವರನ್ನು ನಾನು ಗುರುತಿಸಿದೆ, ಕೆಲವರನ್ನು ಇಲ್ಲ. ಒಬ್ಬಳು ಮುಂದೆ ಬಂದು ಅವ್ವನ ಕೈ ಹಿಡಿದಳು. ಹೊನ್ನಾಳಿ ಕಡೆ ಮದುವೆಯಾಗಿ ಹೋದವಳಂತೆ, ಬೆಳಗಿನ ಬಸ್ಸಿಗೆ ಬಂದಿದ್ದಳು.

"ಅವರು ನನ್ನ ಮಖ ನೋಡೇ ಇರ್ಲಿಲ್ರಿ. ಅದ್ಕೆ ಒಂದ್ಸಲ ತೋರಿಸಬೇಕು ಅಂತಿದ್ದೆ. ಆಗ್ಲಿಲ್ಲ."

ಅವ್ವ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. "ನಾನು ನೋಡಿದ್ನಲ್ಲ" ಎಂದಳು. "ಸೈಕಲ್ ತುಳಿದಂಗೆ ಬಡಿತಿದ್ದಾಕಿ ನೀನೇ ಅಲ್ಲೇನು?"

ಅವಳು ಅಳುತ್ತಲೇ ನಕ್ಕಳು.

ಅವ್ವ ಅವರನ್ನೆಲ್ಲ ಮನೆಗೆ ಕರೆದಳು. ಕಪ್ಪುಗಳು ಸಾಲಲಿಲ್ಲ, ಲೋಟ, ಬಟ್ಟಲುಗಳಲ್ಲಿ ಚಹಾ ಕೊಟ್ಟೆವು. ಅವರು ಹೊಳೆಯ ಮಾತು ಹೆಚ್ಚು ಆಡಲಿಲ್ಲ. ಗಂಡ, ಅತ್ತೆ, ಮಕ್ಕಳ ಜ್ವರ, ಬಸ್ಸಿನ ಟೈಮು. ಇಷ್ಟು ಹೆಣ್ಣುದನಿ ಆ ಮನೆಯಲ್ಲಿ ಎಂದೂ ಕೇಳಿರಲಿಲ್ಲ. ಬಿಸಿಲು ಇಳಿಯುತ್ತಿದ್ದಂತೆ ಒಬ್ಬೊಬ್ಬರೇ ಎದ್ದರು. ಕೊನೆಯವಳನ್ನು ಓಣಿಯ ತುದಿಯವರೆಗೆ ಕಳಿಸಿ ನಾನು ಬಂದಾಗ ಅವ್ವ ಲೋಟಗಳನ್ನೆಲ್ಲ ತೊಳೆದು ಮತ್ತೆ ಸಾಲಾಗಿ ಇಟ್ಟಿದ್ದಳು. ಒಲೆಯ ಮೇಲೆ ಚಹಾದ ನೀರು ಇನ್ನೂ ಕುದಿಯುತ್ತಿತ್ತು. ನಾನು ಬಾಗಿಲು ಮುಂದೆ ಮಾಡಲು ಹೋದೆ.

"ತೆರೆದಿರಲಿ" ಎಂದಳು. "ದೂರದ ಊರಿಗೆ ಹೋದೋರು ಇನ್ನೂ ಇದಾರೆ. ಸುದ್ದಿ ಮುಟ್ಟಾಕೆ ತಡ ಆಗಿರ್ತೈತೆ."

ನಾವಿಬ್ಬರೂ ಹೊಸ್ತಿಲ ಹತ್ತಿರ ಕೂತೆವು. ಯಾರೂ ಬರಲಿಲ್ಲ.